ವರ ನೋಡಲು ಮುಧೋಳಕ್ಕೆ

ಪುಣೆಯಿಂದ ಕರ್ನಾಟಕದ ಕಡೆಗೆ ಹೊರಡಲು ನಮ್ಮವರಿಗೆ ಕಾರಣಗಳು ಬಹಳವಿಲ್ಲ. ಜಾತ್ರೆ, ಮದುವೆ, ಹೊಲದ ತಕರಾರು, ಹಿರಿಯರ ಕಾಯಿಲೆ, ಈ ನಾಲ್ಕರಲ್ಲಿ ಒಂದಿಲ್ಲದೆ ನಮ್ಮಲ್ಲಿ ಯಾರೂ ನಿಪ್ಪಾಣಿಯನ್ನು ದಾಟುವುದಿಲ್ಲ. ಕಳೆದ ಡಿಸೆಂಬರಿನ ಕೊನೆಯ ವಾರ ನಾವು ಹೊರಟದ್ದೂ ಒಂದು ಬಗೆಯಲ್ಲಿ ಮದುವೆಯ ಕೆಲಸಕ್ಕೇ. ಹೆಣ್ಣು ಕಾರಿನ ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಹೆಸರು ಹರಿಣಿ, ವಯಸ್ಸು ಎರಡೂವರೆ, ಮೈಬಣ್ಣ ಗೋಧಿ, ಜಾತಿ ಮುಧೋಳ. ಆದ್ದರಿಂದ ವರನನ್ನೂ ಮುಧೋಳದಲ್ಲಿಯೇ ನೋಡತಕ್ಕದ್ದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ತೀರ್ಮಾನವೆಂದರೆ, ಅವ್ವ, ಮಗಳು ಮತ್ತು ನಾವು ಹೂಂ ಎಂದಿದ್ದೆವು. ನಮ್ಮ ಮನೆಯಾಕೆ ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ದಾರಿಗೆ ಬುತ್ತಿ ಮಾತ್ರ ಕಟ್ಟಿದಳು.

ಪ್ರಸಂಗ ಹುಟ್ಟಿದ್ದು ದೀಪಾವಳಿಯ ಹೊತ್ತಿಗೆ. ಹರಿಣಿ ಭಾದ್ರಪದದಲ್ಲಿ ಮೂರನೆಯ ಸಲ ಬೆದೆಗೆ ಬಂದಿತ್ತು. ಆ ಮೂರು ವಾರ ನಮ್ಮ ಬಾಗಿಲಿಗೆ ಎರಡೆರಡು ಚಿಲಕ. ಕೆಳಗೆ ಗೇಟಿನ ಮುಂದೆ ಓಣಿಯ ಸಮಸ್ತ ಗಂಡು ನಾಯಿಗಳ ಮಹಾಸಭೆ. ಅದೂ ಕಳೆಯಿತು. ಎರಡು ತಿಂಗಳಾಗಿರಬೇಕು, ಒಂದು ಬೆಳಿಗ್ಗೆ ಅವ್ವನ ಉಣ್ಣೆಯ ನೂಲಿನ ಉಂಡೆ ಕಾಣೆಯಾಯಿತು. ಹುಡುಕಿದರೆ ಮಂಚದ ಕೆಳಗೆ ಸಿಕ್ಕಿತು. ಹರಿಣಿ ಒಂದು ಹಳೆಯ ಸೀರೆಯನ್ನು ಎಳೆತಂದು ಗೂಡು ಮಾಡಿಕೊಂಡು, ಉಂಡೆಯನ್ನು ಹೊಟ್ಟೆಗೆ ಅವಚಿಕೊಂಡು, ನೆಕ್ಕುತ್ತ ಮಲಗಿತ್ತು. ನಾವು ಕೈ ಚಾಚಿದರೆ ಗುರ್ ಎಂದಿತು. ಮನೆಗೆ ಬಂದಂದಿನಿಂದ ನಮ್ಮ ಮೇಲೆ ಗುರ್ ಎಂದದ್ದು ಅದೇ ಮೊದಲು. ನೋಡಿದರೆ ಮೊಲೆಗಳು ಉಬ್ಬಿ ಹಾಲೂ ಜಿನುಗುತ್ತಿತ್ತು.

"ಬಾಯಿಲ್ಲದ ಜೀವ ಅದು. ಕೂಸು ಬೇಕಂತ ಕೇಳಾಕತ್ತೈತಿ, ನೋಡ್ರಿ," ಎಂದಳು ಅವ್ವ. ಅಂದಿನಿಂದ ಉಂಡೆಯನ್ನು ಯಾರೂ ಮುಟ್ಟಕೂಡದೆಂದು ಆಕೆಯ ಅಪ್ಪಣೆಯಾಯಿತು. ನಮಗಾಗಿ ಹೆಣೆಯುತ್ತಿದ್ದ ಸ್ವೆಟರು ಒಂದೇ ತೋಳಿನಲ್ಲಿ ನಿಂತಿತು.

ಅದಕ್ಕೆ ಮೊದಲೇ ಹರಿಣಿಗೆ ಸಂತಾನಹರಣದ ಆಪರೇಶನ್ ಮಾಡಿಸಬೇಕೆಂಬ ವಿಚಾರ ನಮ್ಮಲ್ಲಿತ್ತು. ಆದರೆ ನಾಯಿ ಸಾಕಿದ ಮಿತ್ರರೆಲ್ಲರದೂ ಒಂದೇ ಮಾತು: ಒಂದು ಸಲ ಮರಿ ಹಾಕಿಸಿರಿ, ಆಮೇಲೆ ಮಾಡಿಸಿರಿ, ಇಲ್ಲವಾದರೆ ಮುಂದೆ ರೋಗ ಬರುತ್ತದೆ. ಈ ಮಾತನ್ನು ಯಾರು ಯಾರಿಂದ ಕೇಳಿದರೋ ದೇವರೇ ಬಲ್ಲ. ನಮ್ಮ ಪಶುವೈದ್ಯೆ ಮಿತಭಾಷಿ. ಆಕೆಯನ್ನು ಕೇಳಿದಾಗ ಮಾತ್ರ ಅಂದು ಅರ್ಧ ತಾಸು ಮಾತಾಡಿದರು. ಬೆದೆ ಕಳೆದ ಮೇಲೆ ಗಬ್ಬವಾಗಲಿ ಆಗದಿರಲಿ, ಹೆಣ್ಣು ನಾಯಿಯ ಮೈಯೊಳಗಿನ ಹಾರ್ಮೋನುಗಳು ಎರಡು ತಿಂಗಳು ಒಂದೇ ದಾರಿಯಲ್ಲಿ ನಡೆಯುತ್ತವೆ. ಕೊನೆಗೆ ಅವು ಇಳಿದಾಗ ಶರೀರ ತಾನು ಹಡೆದೆನೆಂದೇ ತಿಳಿಯುತ್ತದೆ. ಇದು ಹುಸಿ ಬಸಿರು. ಕೋರಿಕೆಯೂ ಅಲ್ಲ, ಕೊರಗೂ ಅಲ್ಲ, ತಾನಾಗಿಯೇ ಇಳಿಯುತ್ತದೆ. ಮರಿ ಹಾಕಿಸಿದರೂ ಮುಂದಿನ ಬೆದೆಯ ಬಳಿಕ ಮತ್ತೆ ಬರಬಹುದು.

ರೋಗದ ಮಾತೂ ಬಂತು. ಮೊಲೆಯ ಗಡ್ಡೆಯ ವಿಷಯದಲ್ಲಿ 1969ರ ಒಂದು ಅಮೇರಿಕನ್ ಅಧ್ಯಯನವನ್ನೇ ಎಲ್ಲರೂ ಹೇಳುತ್ತಾರಂತೆ. ಆಪರೇಶನ್ ಆಗದ ನಾಯಿಗೆ ಇರುವ ಅಪಾಯವನ್ನು ನೂರು ಎಂದಿಟ್ಟರೆ, ಮೊದಲ ಬೆದೆಗೆ ಮುನ್ನ ಮಾಡಿಸಿದರೆ ಅರ್ಧ, ಒಂದರ ನಂತರ 8, ಎರಡರ ನಂತರ 26. 2012ರಲ್ಲಿ ಇಂಗ್ಲೆಂಡಿನವರು ಹಳೆಯ ಅಧ್ಯಯನಗಳನ್ನೆಲ್ಲ ತೂಗಿ ನೋಡಿ, ಈ ಆಧಾರಗಳು ಅಷ್ಟೇನೂ ಗಟ್ಟಿಯಲ್ಲವೆಂದರು. ಹೇಗಿದ್ದರೂ ಹರಿಣಿಗೆ ಮೂರು ಬೆದೆಗಳಾಗಿವೆ. ಆ ಲಾಭದ ಬಹುಭಾಗ ಕೈಬಿಟ್ಟಿತು. ಉಳಿದದ್ದು ಗರ್ಭಕೋಶದಲ್ಲಿ ಕೀವು ತುಂಬುವ ರೋಗ. ಸ್ವೀಡನ್ ದೇಶದಲ್ಲಿ ವಿಮೆ ಮಾಡಿಸಿದ ನಾಯಿಗಳ ಲೆಕ್ಕ ತೆಗೆದಾಗ, ಆಪರೇಶನ್ ಆಗದ ಹೆಣ್ಣುಗಳಲ್ಲಿ ಹತ್ತು ವರ್ಷ ತುಂಬುವುದರೊಳಗೆ ಹೆಚ್ಚು ಕಡಿಮೆ ನಾಲ್ಕರಲ್ಲಿ ಒಂದಕ್ಕೆ ಇದು ಬಂದಿತ್ತು. ಗರ್ಭಕೋಶವನ್ನೇ ತೆಗೆದರೆ ಆ ಭಯವಿಲ್ಲ. ಇನ್ನೊಂದು ಪಕ್ಷವನ್ನೂ ಆಕೆ ಮರೆಮಾಚಲಿಲ್ಲ: ಮೈ ಬರಬಹುದು, ಕೆಲವಕ್ಕೆ ಮುಂದೆ ಮೂತ್ರ ಸೋರುವುದುಂಟು. "ಆದರೆ ಒಂದು ಸಲ ಹಡೆದರೆ ಆರೋಗ್ಯ ಎಂಬುದು ನಮ್ಮ ಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ. ನಿಮಗೆ ಮರಿಗಳು ಬೇಕಿದ್ದರೆ ಹಾಗೆಂದು ಹೇಳಿರಿ, ನಾಯಿಯ ಹೆಸರು ಹೇಳಬೇಡಿರಿ," ಎಂದರು. ಹಾಲು ಪೂರ್ತಿ ಬತ್ತುವವರೆಗೆ ಆಪರೇಶನ್ ಕೂಡದು. ಜನವರಿಯ ಕೊನೆಗೆ ಮಾಡಿಸಬಹುದು. ಇಲ್ಲವೆ ಚೈತ್ರದ ಬೆದೆಗೆ ಕಾಯಬೇಕು.

ಇಷ್ಟು ಕೇಳಿದ ಮೇಲೂ ನಾವು ಮುಧೋಳಕ್ಕೆ ಹೊರಟೆವೆಂದರೆ ಓದುಗರು ನಗಬಹುದು. ನಮಗೆ ಮರಿಗಳು ಬೇಕಾಗಿದ್ದವು, ಅಷ್ಟೇ. ಮಗಳಿಗೆ ಹರಿಣಿಯಂಥದೇ ಇನ್ನೊಂದು ಬೇಕು. ಅವ್ವನಿಗೆ ಹೆಣ್ಣು ಜನ್ಮ ಬರಿದಾಗಬಾರದು. ನಮಗೋ, ಅಪರೂಪದ ಕನ್ನಡ ನಾಡಿನ ತಳಿ ನಮ್ಮ ಮನೆಯಲ್ಲಿ ಮುಂದುವರಿಯಿತೆಂಬ ಹೆಮ್ಮೆ ಬೇಕಾಗಿತ್ತು. ಜೊತೆಗೆ ನಮ್ಮ ಸಂಘದ ರಾಜ್ಯೋತ್ಸವದ ಊಟದಲ್ಲಿ ಈ ಮಾತೆತ್ತಿದಾಗ, ಹೋಳಿಗೆಯ ಪಂಕ್ತಿಯಲ್ಲಿಯೇ ಎಂಟು ಮನೆಯವರು ಒಂದೊಂದು ಮರಿಯನ್ನು ಕಾಯ್ದಿರಿಸಿಬಿಟ್ಟಿದ್ದರು.

350 ಕಿಲೋಮೀಟರಿಗೆ ಮಿಕ್ಕ ದಾರಿ. ಖಂಬಾಟಕಿ ಘಾಟು, ಸಾತಾರ, ಕರಾಡ, ಕೊಲ್ಹಾಪುರ ಎಲ್ಲವೂ ನಮ್ಮ ಓದುಗರಿಗೆ ಅಂಗೈಯ ಗೆರೆಗಳಷ್ಟು ಪರಿಚಿತ, ವರ್ಣಿಸಹೋದರೆ ಬೇಸರಪಟ್ಟಾರು. ನಿಪ್ಪಾಣಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಚಿಕ್ಕೋಡಿಯ ಕಡೆಗೆ ಹೊರಳಿದ ಮೇಲೆ ಮಾತ್ರ ಪ್ರಯಾಣಕ್ಕೆ ಬೇರೆಯೇ ರುಚಿ ಬಂತು. ಕಬ್ಬು ನುರಿಸುವ ಕಾಲ. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆಯ ತುಂಬ ಹಾಡು ಹಚ್ಚಿಕೊಂಡು ತೇಲಾಡುತ್ತ ಹೋಗುತ್ತಿದ್ದವು. ಅವುಗಳ ಹಿಂದೆ ಬಿದ್ದ ಕಬ್ಬಿಗಾಗಿ ಹುಡುಗರು ಓಡುತ್ತಿದ್ದರು. ಮಹಾಲಿಂಗಪುರ ಹತ್ತಿರವಾದಂತೆ ಗಾಳಿಯಲ್ಲಿಯೇ ಬೆಲ್ಲದ ವಾಸನೆ. ಅವ್ವ ಅಲ್ಲಿ ಕಾರು ನಿಲ್ಲಿಸಿ ಎರಡು ಪೆಂಟೆ ಬೆಲ್ಲ ಕೊಂಡಳು. ಯಾಕೆಂದರೆ, "ಬಾಣಂತಿಗೆ ಅಂಟಿನುಂಡಿ ಕಟ್ಟಬೇಕಲ್ಲ!" ಚೈತ್ರದಲ್ಲಿ ಜೋಡಿಯಾಗಿ, 63 ದಿನ ಗಬ್ಬ ಕಳೆದು, ಜ್ಯೇಷ್ಠದಲ್ಲಿ ಆಗಬೇಕಾದ ಬಾಣಂತನಕ್ಕೆ ಡಿಸೆಂಬರಿನಲ್ಲಿಯೇ ಬೆಲ್ಲ! ವರನ ಮುಖವನ್ನು ಇನ್ನೂ ಯಾರೂ ನೋಡಿರಲಿಲ್ಲ.

ಮುಧೋಳದಲ್ಲಿ ವಸತಿಗೃಹದವರು ನಾಯಿಯನ್ನು ಬಿಟ್ಟುಕೊಳ್ಳುವರೋ ಇಲ್ಲವೋ ಎಂದು ಅಂಜಿದ್ದೆವು. ಗಲ್ಲೆಯ ಮೇಲೆ ಕುಳಿತಾತ ಹರಿಣಿಯನ್ನೊಮ್ಮೆ ನೋಡಿ, "ಮುಧೋಳ ನಾಯಿಗೆ ಮುಧೋಳದಾಗ ಜಾಗ ಇಲ್ಲಂದ್ರ ಹ್ಯಾಂಗ್ರೀ?" ಎಂದು ಬೀಗದ ಕೈ ಕೊಟ್ಟ. ನಮ್ಮ ಶಾಲೆಯ ದಿನಗಳಲ್ಲಿ ಮುಧೋಳವೆಂದರೆ ರನ್ನನ ಊರು. ಬಳೆಗಾರರ ಕುಲದಲ್ಲಿ ಹುಟ್ಟಿ ಕವಿಚಕ್ರವರ್ತಿಯಾದವನ ಮುದುವೊಳಲು ಇದೇ. ನಮ್ಮ ಮಗಳಿಗೆ ಇದು ನಾಯಿಯ ಊರು. ಅವಳನ್ನು ಅನ್ನುವುದೇಕೆ? 2005ರಲ್ಲಿ ಅಂಚೆಚೀಟಿಯ ಮೇಲೆ ಬಂದದ್ದೂ ನಾಯಿಯೇ, 2016ರಲ್ಲಿ ಮೀರತ್ತಿನ ಸೈನ್ಯದ ಕೇಂದ್ರಕ್ಕೆ ತರಬೇತಿಗೆ ಹೋದದ್ದೂ ನಾಯಿಯೇ. ಬೇಡರು ಬೇಟೆಗೆ ಸಾಕುತ್ತಿದ್ದ ಈ ತಳಿಯನ್ನು ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಅರಮನೆಗೆ ತಂದು ಬೆಳೆಸಿದರೆಂದೂ, ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರೆಂದೂ ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಹಳ್ಳಿಯವರ ಬಾಯಲ್ಲಿ ಇದು ಕಾರವಾನಿ ನಾಯಿ. ದೇಶದ ಎರಡು ಶ್ವಾನ ಸಂಘಗಳಲ್ಲಿಯೂ ಹೆಸರು ಒಂದಲ್ಲ. ಒಂದರಲ್ಲಿ ಮುಧೋಳ, ಇನ್ನೊಂದರಲ್ಲಿ ಕಾರವಾನ್. ಹೆಸರಿನ ಜಗಳ ನಮ್ಮಲ್ಲಿ ನಾಯಿಗಳಿಗೂ ತಪ್ಪಿಲ್ಲ.

ಮರುದಿನ ಬೆಳಿಗ್ಗೆ ಒಬ್ಬ ರೈತರ ಹೊಲದ ಮನೆಗೆ ಹೋದೆವು. ಎರಡು ಎಕರೆ ಕಬ್ಬು, ಒಂದು ಎಮ್ಮೆ, ಐದು ನಾಯಿ. ವರನ ಹೆಸರು ಸರ್ಜಾ. ಎತ್ತರ ಮನುಷ್ಯನ ತೊಡೆಯವರೆಗೆ. ಉದ್ದ ಮುಸುಡಿ, ಇಳಿಬಿದ್ದ ಕಿವಿ, ಆಳವಾದ ಎದೆ, ಅದರ ಹಿಂದೆ ಇದೆಯೋ ಇಲ್ಲವೋ ಎಂಬಂಥ ಹೊಟ್ಟೆ. ಹೊಸಬರ ಕಡೆಗೆ ತಿರುಗಿಯೂ ನೋಡದ ರಾಜಗಾಂಭೀರ್ಯ. ಕಬ್ಬು ಕಡಿದು ಬಯಲಾದ ಹೊಲದಲ್ಲಿ ಎರಡನ್ನೂ ಬಿಟ್ಟರು. ಒಂದು ಕ್ಷಣ ಮೂಸಿ ನೋಡಿಕೊಂಡವು, ಅಷ್ಟೇ. ಮುಂದಿನ ಕ್ಷಣ ಎರಡೂ ಅಲ್ಲಿರಲಿಲ್ಲ. ಪುಣೆಯಲ್ಲಿ ಮಾರುದ್ದದ ಹಗ್ಗದ ತುದಿಯಲ್ಲಿ ನಮ್ಮ ನಡಿಗೆಗೆ ತನ್ನ ನಡಿಗೆಯನ್ನು ಕುಗ್ಗಿಸಿಕೊಂಡು ಬರುತ್ತಿದ್ದ ಹರಿಣಿಯೇ ಇದು ಎಂದು ನಂಬುವುದು ಕಷ್ಟವಾಯಿತು. ಬೆನ್ನು ಬಿಲ್ಲಿನಂತೆ ಬಗ್ಗಿ ಬಿಚ್ಚಿಕೊಳ್ಳುತ್ತಿತ್ತು. ನಾಲ್ಕು ಕಾಲುಗಳೂ ನೆಲ ಬಿಟ್ಟು ತೇಲಿ ಮತ್ತೆ ನೆಲ ಮುಟ್ಟುವುದರೊಳಗೆ ಹತ್ತು ಮಾರು ಹೋಗಿರುತ್ತಿತ್ತು. ಹೊಲದ ಕೊನೆಯ ಬೇಲಿಯಲ್ಲಿ ತಿರುಗಿ ಬಂದು, ಮತ್ತೆ ಹೋಗಿ, ನಾಲಗೆ ಹೊರಚಾಚಿ ನಮ್ಮ ಕಾಲ ಬಳಿ ಬಿದ್ದಾಗ ಅದರ ಕಣ್ಣಿನಲ್ಲಿದ್ದ ಸಂತೋಷವನ್ನು ನಾವು ಮೊದಲು ಕಂಡಿರಲಿಲ್ಲ. ಎರಡೂವರೆ ವರ್ಷ ಅದಕ್ಕೆ ಕೊರತೆಯಾದದ್ದು ಏನೆಂಬುದು ನಮಗೆ ಆಗ ಹೊಳೆಯಿತು. ಅದು ಕೂಸಲ್ಲ.

ರೈತರು ಹರಿಣಿಯ ಬೆನ್ನು, ಹಲ್ಲು, ಉಗುರು ನೋಡಿ, "ಚಲೋ ಐತ್ರಿ ಹೆಣ್ಣು. ಇದರ ತಂದಿ ತಾಯಿ ಯಾರು?" ಎಂದು ಕೇಳಿದರು. ನಮಗೆ ತಿಳಿಯದು. ಪುಣೆಯಲ್ಲಿ ಮರಿ ಮಾರುವವನೊಬ್ಬ ಅಸಲು ಮುಧೋಳವೆಂದು ಹೇಳಿ, ಕಾಗದಪತ್ರ ನಾಳೆ ಕೊಡುತ್ತೇನೆಂದು ದುಡ್ಡು ಎಣಿಸಿಕೊಂಡಿದ್ದ. ಆ ನಾಳೆ ಇನ್ನೂ ಬರಬೇಕಾಗಿದೆ.

"ಮತ್ತ ಹ್ಯಾಂಗ್ರಿ ಸಾಹೇಬ್ರ? ಸರ್ಜಾನ ಮರಿ ಪುಣೇಕ ರಗಡ ಹೋಗ್ಯಾವು. ಇದು ಅವನ ಮಗಳಿದ್ರ? ತಂಗಿ ಇದ್ರ? ಮನಷಾರಿಗೆ ಬೆಡಗು ನೋಡ್ತೀರಿ, ಇದಕ್ಕ ಬ್ಯಾಡಾ?"

ನಾವು ತಬ್ಬಿಬ್ಬಾದೆವು. ಆತನೇ ಮುಂದುವರಿಸಿದ: 2020ರಲ್ಲಿ ಪ್ರಧಾನಿಗಳು ರೇಡಿಯೋ ಭಾಷಣದಲ್ಲಿ ಈ ನಾಯಿಯ ಹೆಸರೆತ್ತಿದ ಮೇಲೆ ಫೋನು ನಿಂತಿರಲಿಲ್ಲವಂತೆ. ಒಯ್ದವರೆಲ್ಲ ಇಟ್ಟುಕೊಂಡರೆ? ಆರು ತಿಂಗಳಿಗೆ "ಭಾಳ ಓಡತೈತಿ", "ಮನ್ಯಾಗ ಹಿಡಿಸವಲ್ದು" ಎಂದು ತಿರುಗಿ ತಂದವರೂ ಇದ್ದಾರೆ. ತಿರುಗಿ ತರದೆ ಎಲ್ಲಿಯೋ ಬಿಟ್ಟವರ ಲೆಕ್ಕ ಯಾರಿಗೂ ಗೊತ್ತಿಲ್ಲ. "ನಾವು ಮರಿ ಮಾಡಸೂದು ಹೊಟ್ಟಿಪಾಡಿಗೆ. ನಿಮಗೇನು ಕಡಿಮಿ ಆಗೈತಿ?" ಎಂದು ಕೇಳಿದ. ಕುಚೋದ್ಯಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ಮಾತು. ನಮ್ಮ ಮಗಳು, "ಹರಿಣಿಯಂಥದೇ ಇನ್ನೊಂದು ಬೇಕು," ಎಂದಳು. ಆತ ನಕ್ಕು, "ನಿಮ್ಮಂಥಾಕಿ ಇನ್ನೊಬ್ಬಾಕಿ ಹುಟ್ಯಾಳೇನು ತಂಗಿ ನಿಮ್ಮ ಮನ್ಯಾಗ?" ಎಂದ.

ಅಷ್ಟರಲ್ಲಿ ಅವ್ವ ಅಂಗಳದಲ್ಲಿ ಹೊರಸಿನ ಮೇಲೆ ಆ ಮನೆಯ ಗೃಹಿಣಿಯ ಜೊತೆ ಕುಳಿತಿದ್ದಳು. ಕೊಟ್ಟಿಗೆಯಿಂದ ರಾಣಿ ಎಂಬ ಹೆಣ್ಣು ನಾಯಿ ಹೊರಗೆ ಬಂತು. ಹಿಂದೆಯೇ ಏಳು ಮರಿಗಳು. ಎಷ್ಟು ಚೆಂದ! ಮಗಳಂತೂ ನೆಲದ ಮೇಲೆಯೇ ಕುಳಿತುಬಿಟ್ಟಳು. ಮರಿಗಳು ಓಡೋಡಿ ಬಂದು ತಾಯಿಯ ಮೊಲೆಗೆ ಜೋತುಬಿದ್ದವು. ರಾಣಿ ನಾಲ್ಕು ಹೆಜ್ಜೆ ಅವುಗಳನ್ನು ಎಳೆದುಕೊಂಡೇ ನಡೆದು, ಕೊಡವಿಕೊಂಡು, ಒಂದೇ ನೆಗೆತಕ್ಕೆ ಮೇವಿನ ಬಣವೆಯನ್ನು ಏರಿ ಕುಳಿತಿತು. ಕೆಳಗೆ ಏಳೂ ಕುಂಯ್‌ಗುಟ್ಟುತ್ತಿದ್ದವು. ಅದು ಬೇರೆ ದಿಕ್ಕಿಗೆ ಮುಖ ತಿರುಗಿಸಿತು.

"ಐದು ವಾರ ಆದ್ವು ಯವ್ವಾ. ಹಲ್ಲು ಬಂದಾವು, ಕಡೀತಾವು. ಅದಕ್ಕ ಮ್ಯಾಲೇರಿ ಕುಂಡ್ರತೈತಿ," ಎಂದಳು ಗೃಹಿಣಿ. ಎಂಟು ವಾರ ತುಂಬದೆ ಮರಿಗಳನ್ನು ಮಾರುವಂತಿಲ್ಲವೆಂದು 2017ರ ಸರಕಾರದ ನಿಯಮವಿದೆ. ಇವರು ಅದನ್ನು ಪಾಲಿಸುತ್ತಾರೆ; ಅಲ್ಲಿಯವರೆಗೆ ಗೋವಿನಜೋಳದ ನುಚ್ಚಿಗೆ ಹಾಲು ಬೆರೆಸಿ ಹಾಕುತ್ತಾರೆ. ಇದು ರಾಣಿಯ ನಾಲ್ಕನೆಯ ಸೂಲು. ಅವ್ವ ಮೊದಲು ನಕ್ಕಳು. ಆಮೇಲೆ ಬಹಳ ಹೊತ್ತು ಬಣವೆಯ ಮೇಲಿನ ಆ ಮುಖವನ್ನೇ ನೋಡುತ್ತ ಕುಳಿತಳು.

ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ ಉಂಡು ಕೋಣೆಗೆ ಬಂದ ಮೇಲೆ ಮಗಳು ಎಂಟು ಮನೆಗಳ ಪಟ್ಟಿ ತೆಗೆದು ಒಬ್ಬೊಬ್ಬರಿಗೇ ಫೋನು ಹಚ್ಚಿದಳು. ಒಬ್ಬರ ಸೊಸೈಟಿಯಲ್ಲಿ ತಕರಾರು, ಇನ್ನೊಬ್ಬರ ಸೊಸೆಗೆ ದಮ್ಮು, ಮತ್ತೊಬ್ಬರು ಮಗನ ಬಳಿ ಬೆಂಗಳೂರಿಗೆ ಹೊರಟಿದ್ದಾರೆ. ಒಬ್ಬರಂತೂ ನಾವು ಯಾವ ಮರಿಯ ಮಾತಾಡುತ್ತಿದ್ದೇವೆಂಬುದನ್ನೇ ಮರೆತಿದ್ದರು. ಕೊನೆಗೆ ಎಂಟರಲ್ಲಿ ಗಟ್ಟಿಯಾಗಿ ಉಳಿದದ್ದು ಒಂದು ಮನೆ. ಅವರಿಗೂ ಗಂಡು ಮರಿಯೇ ಬೇಕು. ಈ ಸಾಲುಗಳನ್ನು ಓದುತ್ತಿರುವವರಲ್ಲಿ ಆ ಏಳು ಮನೆಯವರೂ ಇದ್ದಾರೆ; ಅವರು ಕೋಪಿಸಿಕೊಳ್ಳಬಾರದು. ಹೋಳಿಗೆಯ ಪಂಕ್ತಿಯಲ್ಲಿ ಕೊಟ್ಟ ಮಾತನ್ನು ನಂಬಿದ ತಪ್ಪು ನಮ್ಮದು.

ಮುಂದೆ ಊರ ಹತ್ತಿರದ ತಿಮ್ಮಾಪುರಕ್ಕೆ ಹೋದೆವು. ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದವರು ಈ ತಳಿಗಾಗಿ ನಡೆಸುವ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಅಲ್ಲಿದೆ. ತಳಿ ಉಳಿಯುವುದು ಮರಿಗಳ ಸಂಖ್ಯೆಯಿಂದಲ್ಲ, ಯಾವ ಮರಿ ಯಾವ ತಂದೆ ತಾಯಿಯದೆಂಬ ವಂಶಾವಳಿಯ ದಾಖಲೆಯಿಂದ ಎಂಬುದು ಅಲ್ಲಿ ನಮಗೆ ಮನವರಿಕೆಯಾಯಿತು. ತಂದೆ ತಾಯಿಯೇ ತಿಳಿಯದ ಹರಿಣಿಯಿಂದ ಆ ಪುಸ್ತಕಕ್ಕೆ ಒಂದು ಸಾಲೂ ಸೇರುವಂತಿಲ್ಲ. ನಮ್ಮ ಹೆಮ್ಮೆಯ ಗಾಳಿ ಹೋದದ್ದು ಅಲ್ಲಿ.

ಸಂಜೆ ಘಟಪ್ರಭೆಯ ದಂಡೆಗೆ ಬಂದೆವು. ಚಳಿಗಾಲದ ಹೊಳೆ, ಸಾವಕಾಶವಾಗಿ ಹರಿಯುತ್ತಿತ್ತು. ದನ ತೊಳೆಯುವವರು ಹೊರಟುಹೋಗಿದ್ದರು. ಹರಿಣಿ ನೀರಿಗೆ ಮೂತಿಯಿಟ್ಟು ಹಿಂದೆ ಸರಿಯುವುದು, ಮತ್ತೆ ಮೂತಿಯಿಡುವುದು. ಅವ್ವ ಒಂದು ಕಲ್ಲಿನ ಮೇಲೆ ಕುಳಿತಿದ್ದಳು. ಯಾರೂ ಏನೂ ಕೇಳಿರಲಿಲ್ಲ.

"ಎರಡಕ್ಕ ಸಾಕಾಗಿತ್ತು ನನಗ," ಎಂದಳು.

ನಮಗೆ ಒಡನೆ ಅರ್ಥವಾಗಲಿಲ್ಲ.

"ಹದಿನಾರಕ್ಕ ಲಗ್ನ ಆತು. ಇಪ್ಪತ್ತು ತುಂಬೂದರಾಗ ಎರಡು. ಸಾಕು ಅಂತ ಅನಸಿತ್ತು. ಯಾರಿಗೆ ಹೇಳಲಿ? ನಮ್ಮತ್ತಿಗೆ ಹೇಳಲ್ಯೋ, ನಿಮ್ಮಪ್ಪಗ ಹೇಳಲ್ಯೋ? ನಮಗೂ ಆಗ ಏರಿ ಕುಂಡ್ರಾಕ ಒಂದು ಬಣವಿ ಬೇಕಾಗಿತ್ತು. ಐದನೇದು ಆದಮ್ಯಾಲೆ ಧಾರವಾಡದ ದವಾಖಾನಿ ಡಾಕ್ಟರ್ ಬಾಯಿನ ನಿಮ್ಮಪ್ಪಗ ಬೈದು ಆಪರೇಶನ್ ಮಾಡಿಸಿದ್ರು. ಆ ರಾತ್ರಿ ಎಷ್ಟು ಚಲೋ ನಿದ್ದಿ ಬಂದಿತ್ತಂತಿ!"

ನಾವು ಆಕೆಯ ಐದರಲ್ಲಿ ನಾಲ್ಕನೆಯವರು. ಎರಡಕ್ಕೇ ಸಾಕಾಗಿತ್ತೆಂಬ ಮಾತನ್ನು ನಾಲ್ಕನೆಯವನು ಯಾವ ಮುಖ ಮಾಡಿಕೊಂಡು ಕೇಳಬೇಕು? ಅವ್ವನಿಗೂ ಅದು ಹೊಳೆದಿರಬೇಕು; ನಮ್ಮ ತಲೆಯ ಮೇಲೆ ಕೈಯಿಟ್ಟು, "ನಿನಗ ಅಂದಿದ್ದಲ್ಲಪಾ," ಎಂದಳು. ಆಮೇಲೆ ಸೊಸೆಯ ಕಡೆಗೆ ತಿರುಗಿ, "ನಿನಗೂ ಒಂದು ವರ್ಷ ಮಾತು ಬಿಟ್ಟಿದ್ದೆ ನಾನು," ಎಂದಳು.

ಇದು ನಮ್ಮ ಮನೆಯಲ್ಲಿ ಯಾರೂ ಎತ್ತದ ಸಂಗತಿ. ಒಬ್ಬಳೇ ಮಗಳು ಸಾಕೆಂದು ನಮ್ಮ ಮನೆಯಾಕೆ ಹೇಳಿದಾಗ ಅವ್ವ ಅಡಿಗೆಮನೆಯಲ್ಲಿ ಆಕೆಯೊಡನೆ ಒಂದು ವರ್ಷ ಮಾತಾಡಿರಲಿಲ್ಲ. ನಾವೂ ಆಗ ನಡುವೆ ನಿಂತು ಯಾರ ಪರವೂ ಆಡದೆ ಜಾಣರಾಗಿದ್ದೆವು. ದೀಪಾವಳಿಯಿಂದ ಈವರೆಗೆ ಆಕೆ ಏಕೆ ಬಾಯಿ ಬಿಟ್ಟಿರಲಿಲ್ಲವೆಂಬುದು ಹೊಳೆಯ ದಂಡೆಯಲ್ಲಿ ನಮಗೆ ತಿಳಿಯಿತು. ಈಗಲೂ ಆಕೆ ಹೆಚ್ಚೇನೂ ಹೇಳಲಿಲ್ಲ. "ಚಳಿ ಆಗ್ತದ, ಏಳ್ರಿ ಅವ್ವ. ಜನವರಿಗೇ ಮಾಡಿಸಿಬಿಡೋಣು," ಎಂದು ಶಾಲು ಹೊದಿಸಿದಳು.

ಮಗಳು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು. ಕರಾಡ ದಾಟಿದ ಮೇಲೆ, "ಹರಿಣಿ ಸತ್ತ ಮೇಲೆ ನಮ್ಮ ಹತ್ತಿರ ಏನೂ ಉಳಿಯೋದಿಲ್ಲ," ಎಂದು ಅತ್ತಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಭಾನುವಾರಗಳಂದು ಊರ ಹೊರಗಿನ ಬಯಲಿಗೆ ಒಯ್ದು ಹರಿಣಿಯನ್ನು ಓಡಲು ಬಿಡುವುದೆಂದು ಮಾತ್ರ ಒಪ್ಪಂದವಾಯಿತು. ಅದು ತಪ್ಪದೆ ನಡೆದಿದೆ.

ಆಪರೇಶನ್ ಜನವರಿಯ ಕೊನೆಗೆ ಆಯಿತು. ಮೈಯಲ್ಲಿ ಕೊಬ್ಬಿಲ್ಲದ ಇಂಥ ಬೇಟೆನಾಯಿಗಳಿಗೆ ಥಯೋಪೆಂಟೋನಿನಂಥ ಹಳೆಯ ಮತ್ತಿನ ಔಷಧಿ ಬೇಗ ಇಳಿಯುವುದಿಲ್ಲವಾದ್ದರಿಂದ ವೈದ್ಯೆ ಬೇರೆಯದನ್ನು ಕೊಟ್ಟರು. ಈ ತಳಿಗಳನ್ನು ಸಾಕಿದವರು ಈ ಮಾತನ್ನು ಮೊದಲೇ ವೈದ್ಯರೊಡನೆ ಆಡುವುದು ಒಳ್ಳೆಯದು. ಸಂಜೆಗೆ ಮನೆಗೆ ತಂದೆವು. ಹೊಲಿಗೆಯನ್ನು ನೆಕ್ಕದಂತೆ ಮಗಳ ಹಳೆಯ ಬನಿಯನ್ನೇ ಕತ್ತರಿಸಿ ತೊಡಿಸಿದ್ದಾಯಿತು. ಅವ್ವ ರಾತ್ರಿಯೆಲ್ಲ ಪಕ್ಕದಲ್ಲಿಯೇ ಹಾಸಿಗೆ ಹಾಸಿಕೊಂಡು, ಅದು ನರಳಿದಾಗಲೆಲ್ಲ "ಆತು, ಆತು, ಮುಗೀತು," ಎಂದು ಬೆನ್ನು ಸವರುತ್ತಿದ್ದಳು.

ಮೂರನೆಯ ದಿನ ಮನೆಯಲ್ಲೆಲ್ಲ ತುಪ್ಪದಲ್ಲಿ ಅಂಟು ಹುರಿದ ವಾಸನೆ. ಮಹಾಲಿಂಗಪುರದ ಬೆಲ್ಲ, ಕೊಬ್ಬರಿ, ಉತ್ತತ್ತಿ, ಒಣದ್ರಾಕ್ಷಿ ಹಾಕಿ ಅವ್ವ ಅಂಟಿನುಂಡಿ ಕಟ್ಟಿಯೇಬಿಟ್ಟಿದ್ದಳು. "ಹೊಟ್ಟಿ ಕೊಯ್ಸಿಕೊಂಡಾಕಿಗೂ ಶಕ್ತಿ ಬೇಕಲ್ಲ," ಎಂದಳು. ವೈದ್ಯೆಗೆ ಫೋನು ಮಾಡಿದರೆ, ದ್ರಾಕ್ಷಿ ನಾಯಿಗೆ ವಿಷ, ಒಂದು ಚೂರೂ ಕೂಡದು ಎಂದು ಗದರಿದರು. ಅವ್ವ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿ, ಒಂದು ಉಂಡೆಯನ್ನು ಸೊಸೆಯ ಕೈಗಿಟ್ಟಳು, ಒಂದನ್ನು ತಾನು ತೆಗೆದುಕೊಂಡಳು. ಬನಿಯನ್ ತೊಟ್ಟ ಹರಿಣಿ ಇಬ್ಬರ ನಡುವೆ ಕುಳಿತು, ಒಮ್ಮೆ ಈ ಕೈ, ಒಮ್ಮೆ ಆ ಕೈ ನೋಡುತ್ತಿತ್ತು. ಉಣ್ಣೆಯ ಉಂಡೆ ಮರಳಿ ಅವ್ವನ ಬುಟ್ಟಿಗೆ ಬಂದಿತ್ತು. ಸ್ವೆಟರಿನ ಎರಡನೆಯ ತೋಳು ಇನ್ನೂ ಆಗಬೇಕು.